ಜೋಡುಬಳೆ

ಯಾರ ಎದೆಯಲ್ಲಿ ಏನಿದೆಯೋ ಯಾರು ಬಲ್ಲರು ಎಂದು ಜನ ಅನ್ನುತ್ತಾರಲ್ಲ, ಆ ಮಾತು ಸುಳ್ಳಾಗುವ ಕಾಲವೊಂದು ಬಂತೆಂದುಕೊಳ್ಳಿ. ಗಂಡನ ಎದೆಬಡಿತವನ್ನು ಇದ್ದದ್ದು ಇದ್ದ ಹಾಗೆ ಎತ್ತಿ, ಗೋಡೆಯಾಚೆ ಕೂತ ಹೆಂಡತಿಯ ಮುಂಗೈ ಮೇಲೆ ಇಡುವುದು ಸಾಧ್ಯವಾಯಿತೆಂದುಕೊಳ್ಳಿ. ಆಗ ಸಂಶಯಗಳೆಲ್ಲ ಕಳೆದು ಸಂಸಾರಗಳು ಸುಖವಾಗುತ್ತವೆ ಎಂದು ನಿಮಗನ್ನಿಸಿದರೆ, ಬೆಟಗೇರಿಯ ಕಸ್ತೂರೆವ್ವನಿಗೆ ಏನಾಯಿತೆಂದು ನೀವು ಕೇಳಲೇಬೇಕು.

ಕಸ್ತೂರೆವ್ವನ ಗಂಡ ಅಡಿವೆಪ್ಪ ಹಿಟ್ಟಿನ ಗಿರಣಿಯವನು. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯನ್ನು ಬೈದವನಲ್ಲ, ಹೊಡೆದವನಲ್ಲ. ಹಾಗೆಂದು ಒಂದು ಸಲವಾದರೂ ‘ಈ ಸೀರಿ ನಿನಗ ಒಪ್ಪತೈತಿ’ ಎಂದವನೂ ಅಲ್ಲ. ಬೆಳಗಿನಿಂದ ಗಿರಣಿ ಗುಡುಗುತ್ತಿದ್ದರೆ ಅಲ್ಲಿ ಆಡಿದ ಮಾತು ಯಾರಿಗೆ ಕೇಳಬೇಕು? ಹೀಗಾಗಿ ಕೈಸನ್ನೆಯಲ್ಲೇ ಬದುಕಿದ ಮನುಷ್ಯ. ಮನೆಗೆ ಬಂದ ಮೇಲೂ ನೀರು ಬೇಕಾದರೆ ಹೆಬ್ಬೆರಳನ್ನು ಬಾಯಿಗೆ ತೋರಿಸುತ್ತಿದ್ದ. ಕಸ್ತೂರೆವ್ವ ತಂಬಿಗೆ ಕೊಡುತ್ತಿದ್ದಳು, ಅವನು ಕುಡಿಯುತ್ತಿದ್ದ, ಅಲ್ಲಿಗೆ ಗಂಡಹೆಂಡಿರ ಮಾತುಕತೆ ಮುಗಿಯುತ್ತಿತ್ತು. ಮಗಳನ್ನು ಗಂಗಾವತಿಗೆ ಮದುವೆ ಮಾಡಿ ಕೊಟ್ಟ ಮೇಲಂತೂ ಮನೆಯಲ್ಲಿ ಕುಕ್ಕರಿನ ಸೀಟಿಯೇ ದೊಡ್ಡ ದನಿ. ಅವಳಿಗೆ ಬೇರೆ ಆಸೆಗಳಿರಲಿಲ್ಲ ಎಂದಲ್ಲ, ಆದರೆ ಎಲ್ಲಕ್ಕಿಂತ ದೊಡ್ಡದು ಒಂದೇ: ಈ ಮನುಷ್ಯನ ಎದೆಯಲ್ಲಿ ತಾನು ಇದ್ದೇನೋ ಇಲ್ಲವೋ ಎಂಬುದು ಸಾಯುವುದರೊಳಗೆ ಒಮ್ಮೆ ತಿಳಿಯಬೇಕು.

ಅಂಥವನ ಎದೆಯನ್ನೇ ಬಿಚ್ಚುವ ಹೊತ್ತು ಬಂತು. ಮೆಟ್ಟಿಲು ಹತ್ತಿದರೆ ಏದುಸಿರು, ಕಾಲಿಗೆ ಬಾವು. ಹುಬ್ಬಳ್ಳಿಯ ಒಂದು ದೊಡ್ಡ ಹೃದಯದ ಆಸ್ಪತ್ರೆಯಲ್ಲಿ ಕೆಟ್ಟುಹೋದ ಕವಾಟವನ್ನು ತೆಗೆದು ಹೊಸದನ್ನು ಕೂರಿಸಿದರು. ಆಪರೇಷನ್ ಆದವರನ್ನು ಕೆಲವು ದಿನ ಐಸಿಯುನಲ್ಲಿ ಇಡುತ್ತಾರೆ. ಗಂಟಲಲ್ಲಿ ಉಸಿರಿನ ಕೊಳವೆ, ಎದೆಯಿಂದ ನೆತ್ತರು ಬಸಿಯುವ ನಳಿಕೆ, ಕತ್ತಿನಲ್ಲಿ ಔಷಧದ ಸೂಜಿ. ಮಂಪರು ಇಳಿದಾಗ ತಾನು ಎಲ್ಲಿದ್ದೇನೆಂದು ತಿಳಿಯದೆ ರೋಗಿ ಗಾಬರಿಯಾಗುತ್ತಾನೆ, ಕೊಳವೆ ಕೀಳಲು ಹೋಗುತ್ತಾನೆ. ಹೊರಗೆ ಕಾಯುವವರ ಪಾಡೂ ಅಷ್ಟೇ. ಬಾಗಿಲು ತೆರೆದಾಗೆಲ್ಲ ಅವರ ಜೀವ ಬಾಯಿಗೆ ಬರುತ್ತದೆ.

ಇದಕ್ಕೆಂದೇ ಆ ಸಾಧನ ಬಂದಿತ್ತು. ಆಪರೇಷನ್ ಮುಗಿಸುವಾಗ ಹೃದಯದ ಮೇಲೆ ಸಣ್ಣ ತಂತಿಗಳನ್ನಿಟ್ಟು ತುದಿಗಳನ್ನು ಹೊರಗೆ ಬಿಡುವುದು ಸರ್ಜನ್ನರ ಹಳೆಯ ಪದ್ಧತಿ. ಬಡಿತ ತಪ್ಪಿದರೆ ಆ ತಂತಿಯ ಮೂಲಕ ಯಂತ್ರ ಹೃದಯವನ್ನು ನಡೆಸುತ್ತದೆ. ಈಗ ಅದೇ ತಂತಿಯಿಂದ ಪ್ರತಿ ಬಡಿತದ ಸುದ್ದಿಯೂ ಒಂದು ಬೂದು ಬಣ್ಣದ ಮೆತ್ತನೆಯ ಬಳೆಗೆ ಹೋಗುತ್ತಿತ್ತು. ಬಳೆಯ ಒಳಮೈ ಉಬ್ಬಿ ಇಳಿದು, ಹೊರಗೆ ಕೂತವರ ಮುಂಗೈಯನ್ನು ಆ ಹೃದಯದ ಲೆಕ್ಕದಲ್ಲೇ ಒತ್ತುತ್ತಿತ್ತು. ಬಳೆ ತೊಟ್ಟವರ ನಾಡಿಯೂ ಹಾಗೆಯೇ ರೋಗಿಯ ತೋಳಿಗೆ ಸುತ್ತಿದ ಪಟ್ಟಿಗೆ ಮುಟ್ಟುತ್ತಿತ್ತು. ತನ್ನವರ ನಾಡಿ ತೋಳಿಗೆ ತಾಗುತ್ತಿದ್ದರೆ ರೋಗಿ ಬೇಗ ಸಮಾಧಾನಗೊಳ್ಳುತ್ತಾನೆ, ಉಸಿರಿನ ಯಂತ್ರವನ್ನು ಬೇಗ ಬಿಡುತ್ತಾನೆ ಎಂದು ಡಾಕ್ಟರರು ಕಂಡುಕೊಂಡಿದ್ದರು. ಕಾಗದದಲ್ಲಿ ಅದರ ಹೆಸರು ‘ಸಹಸ್ಪಂದನ ಪಟ್ಟಿಕೆ’. ಹಾಗೆ ಕರೆದವರನ್ನು ಮಾತ್ರ ಯಾರೂ ಕಂಡಿಲ್ಲ. ಜನರ ಬಾಯಲ್ಲಿ ಅದು ಜೋಡುಬಳೆ.

ಬಳೆ ತಂದುಕೊಟ್ಟವಳು ಐಸಿಯುನ ಸಿಸ್ಟರ್ ರೆನಿಟಾ, ಮಂಗಳೂರು ಕಡೆಯ ಹುಡುಗಿ.

“ಎಡಗೈಯ ಗಾಜಿನ ಬಳೆ ಎಲ್ಲ ತೆಗೀಬೇಕು ಅಮ್ಮ. ಅದು ತಾಗಿದ್ರೆ ನಾಡಿ ಸರಿ ಸಿಗುದಿಲ್ಲ,” ಎಂದಳು.

“ಗಂಡ ಒಳಗ ಮಲಗ್ಯಾನ, ಇಂಥಾ ಹೊತ್ತಿನ್ಯಾಗ ಬಳಿ ತಗೀ ಅಂತೀಯಲ್ಲವಾ ತಂಗಿ! ನಿನ್ನ ಬಾಯಾಗ ಎಂಥಾ ಮಾತು ಬಂತು ಗೊತ್ತೈತೇನು?”

“ಇದೂ ಬಳೆಯೇ ಅಲ್ವಾ ಅಮ್ಮ. ಅದು ಬರೀ ಗಾಜು, ಇದರಲ್ಲಿ ನಿಮ್ಮ ಯಜಮಾನರೇ ಇದ್ದಾರೆ.”

ಆ ಮಾತಿಗೆ ಕಸ್ತೂರೆವ್ವ ಸೋತಳು. ಹಸಿರು ಬಳೆಗಳನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಕೈ ಚಾಚಿದಳು. ಮುಂಗೈ ಮೇಲೆ ಟಕ್, ಟಕ್ ಎಂದು ಒಂದೇ ಸಮನೆ ಒತ್ತತೊಡಗಿತು. ಇನ್ನೂ ಯಂತ್ರವೇ ಹೃದಯವನ್ನು ನಡೆಸುತ್ತಿದೆ, ನಾಳೆ ಅದನ್ನು ಕಡಿಮೆ ಮಾಡುತ್ತೇವೆ ಎಂದು ರೆನಿಟಾ ತಿಳಿಸಿ ಹೇಳಿದಳು. ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವನು ಒಳಗೂ ಗಿರಣಿಯನ್ನೇ ಇಟ್ಟುಕೊಂಡಿದ್ದಾನೆ ಎಂದು ಕಸ್ತೂರೆವ್ವನಿಗೆ ಆ ಸಂಕಟದಲ್ಲೂ ನಗೆ ಬಂತು.

ಕಾಯುವವರ ಹಾಲಿನಲ್ಲಿ ಅವಳ ಪಕ್ಕದ ಚಾಪೆ ಅಣ್ಣಿಗೇರಿಯ ಹಜರಾಬಿಯದು. ಅವಳ ಗಂಡ ದಾವಲಸಾಬ ಹತ್ತಿ ಹಿಂಜಿ ಗಾದಿ ಮಾಡುವವನು, ಅವನಿಗೂ ಅದೇ ದಿನ ಆಪರೇಷನ್ ಆಗಿತ್ತು. ಹಾಸಿಗೆಗಳೂ ಅಕ್ಕಪಕ್ಕ: ಅಡಿವೆಪ್ಪನದು ನಾಲ್ಕು, ದಾವಲಸಾಬನದು ಐದು. ಹೆಂಗಸರಿಬ್ಬರೂ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿಯುವಷ್ಟು ಹತ್ತಿರವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆಸ್ಪತ್ರೆಯ ಗೆಳೆತನ ಹಾಗೇ, ಬೇಗ ಬೆಳೆಯುತ್ತದೆ.

“ನಮ್ಮವ ಭಾಳ ಮಾತಿನ ಮನಿಷಾ ಅಕ್ಕಾ,” ಎಂದಳು ಹಜರಾಬಿ. “ಗಾದಿ ಹೊಲಿಯೂ ಮುಂದ ಸೈತ ಗಾದಿ ಕೂಡ ಮಾತಾಡ್ತಾನ. ಗಂಟಲಾಗ ಕೊಳವಿ ಹಾಕ್ಯಾರಲ್ಲ, ಅದ ಅವಗ ದೊಡ್ಡ ಶಿಕ್ಷಾ.”

“ನಮ್ಮವ್ರಿಗೆ ಕೊಳವಿ ಹಾಕಿದ್ರೂ ಒಂದ, ಬಿಟ್ರೂ ಒಂದ,” ಎಂದಳು ಕಸ್ತೂರೆವ್ವ. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಮರುದಿನ ಬೆಳಿಗ್ಗೆ ಬಳೆಗಳನ್ನು ಚಾರ್ಜಿಗೆ ಇಡಬೇಕೆಂದು ರೆನಿಟಾ ಇಸಿದುಕೊಂಡು ಹೋದಳು. ಒಮ್ಮೆ ಚಾರ್ಜ್ ಮಾಡಿದರೆ ಐಸಿಯು ಬಿಡುವವರೆಗೆ ಸಾಕು. ಹೆಂಗಸರು ಅಷ್ಟರಲ್ಲಿ ಸ್ನಾನ ಮುಗಿಸಿ, ಕೌಂಟರಿನ ಸ್ಟ್ಯಾಂಡಿಗೆ ಬಂದರು. ನಾಲ್ಕರ ಗೂಡಿನಲ್ಲಿ ನಾಲ್ಕರ ಬಳೆ, ಐದರ ಗೂಡಿನಲ್ಲಿ ಐದರ ಬಳೆ, ಎಲ್ಲ ಸರಿಯಾಗಿತ್ತು. ಕಸ್ತೂರೆವ್ವ ತನ್ನದನ್ನೇ ಎತ್ತಿಕೊಂಡಳು, ಹಜರಾಬಿ ತನ್ನದನ್ನೇ ಎತ್ತಿಕೊಂಡಳು. ಆದರೆ ಬರಿಗೈಗೆ ಬಳೆಯನ್ನು ತಾನೇ ಏರಿಸಿಕೊಳ್ಳುವುದು ಕಸ್ತೂರೆವ್ವನ ತವರಿನಲ್ಲಿ ಅಪಶಕುನ. ಒಂದೋ ಬಳೆಗಾರ ಇಡಬೇಕು, ಇಲ್ಲವೆ ಇನ್ನೊಬ್ಬ ಮುತ್ತೈದೆ ಇಡಬೇಕು.

“ನನ್ನ ಕೈಗೆ ನೀ ಇಡವ್ವಾ, ನಿನ್ನ ಕೈಗೆ ನಾ ಇಡ್ತೀನಿ,” ಎಂದಳು.

“ನಮ್ಮ ಕಡೆನೂ ಹಂಗ ಅಕ್ಕಾ, ತಾನ ಇಟ್ಕೋಬಾರದು,” ಎಂದು ಹಜರಾಬಿ ಕೈ ಹಿಡಿದಳು.

ಕೈಯಲ್ಲಿದ್ದುದನ್ನು ಒಬ್ಬರ ಮುಂಗೈಗೆ ಒಬ್ಬರು ಏರಿಸಿದರು. ಮುತ್ತೈದೆಯರು ಉಡಿ ತುಂಬುವಾಗ ತಮ್ಮ ಕೈಯ ತಟ್ಟೆಯದನ್ನು ಎದುರಿನವಳಿಗೆ ಕೊಡುತ್ತಾರಲ್ಲ, ಹಾಗೆ. ಕೈ ತಮ್ಮ ರೂಢಿಯ ಕೆಲಸ ಮಾಡಿತು, ತಲೆ ಅದನ್ನು ನೋಡಲಿಲ್ಲ. ಕೌಂಟರಿನ ಮೇಲೆ ‘ಬಳೆ ಬದಲಿಸಬಾರದು’ ಎಂಬ ಬೋರ್ಡು ನೇತಾಡುತ್ತಿತ್ತು. ಬದಲಿಸುತ್ತಿದ್ದೇವೆಂದು ಗೊತ್ತಿದ್ದವರಿಗೆ ತಾನೇ ಬೋರ್ಡು? ಯಂತ್ರಕ್ಕೂ ಒಂದು ನಾಡಿ ಸಿಕ್ಕರೆ ಸಾಕಿತ್ತು, ಯಾರ ನಾಡಿ ಎಂದು ಅದು ಕೇಳುತ್ತಿರಲಿಲ್ಲ. ಹೀಗೆ ನಾಲ್ಕರ ಬಳೆ ಹಜರಾಬಿಯ ಕೈಗೂ ಐದರ ಬಳೆ ಕಸ್ತೂರೆವ್ವನ ಕೈಗೂ ಹೋದವು.

ಹೊಸ ಬಡಿತ ಕೈಗೆ ತಾಗಿದಾಗ ಕಸ್ತೂರೆವ್ವ ಬೆರಗಾದಳು. ನಿನ್ನೆಯ ಟಕ್ ಟಕ್ ಎಲ್ಲಿ, ಇದೆಲ್ಲಿ! ಇದು ಓಡಿ ನಿಲ್ಲುತ್ತಿತ್ತು, ನಿಂತು ಓಡುತ್ತಿತ್ತು, ನಡುವೆ ಏನೋ ನೆನಪಾದವರಂತೆ ಒಂದು ಹೆಜ್ಜೆ ಹೆಚ್ಚಿಗೆ ಹಾಕುತ್ತಿತ್ತು. ಇವತ್ತು ಯಂತ್ರವನ್ನು ಕಡಿಮೆ ಮಾಡುತ್ತೇವೆ ಎಂದಿದ್ದರಲ್ಲ, ಇದು ಅವನದೇ ಬಡಿತ ಎಂದುಕೊಂಡಳು. ಸಂಜೆ ಐದಕ್ಕೆ ಬಾಗಿಲು ತೆರೆದರು. ಹೆಂಗಸರಿಬ್ಬರೂ ಕಾಲಿಗೆ ಚೀಲ, ತಲೆಗೆ ಟೊಪ್ಪಿಗೆ ಹಾಕಿಕೊಂಡು ಒಟ್ಟಿಗೆ ಒಳಗೆ ಹೋದರು. ಹಾಸಿಗೆಗಳ ನಡುವೆ ಒಂದು ಪರದೆ. ಒಳಗೆ ಕಾಲಿಟ್ಟಿದ್ದೇ ತಡ, ಮುಂಗೈಯಲ್ಲಿ ಅದು ಜಿಗಿಯಿತು. ಕರು ಹಗ್ಗ ಹರಿದುಕೊಂಡು ಹಾರಿದ ಹಾಗೆ ಜಿಗಿಯಿತು.

ಅಡಿವೆಪ್ಪನ ಗಂಟಲಿನ ಕೊಳವೆ ತೆಗೆದಿದ್ದರು. ಅವನು ಹೆಂಡತಿಯನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿದ, ಹೆಬ್ಬೆರಳನ್ನು ಬಾಯಿಗೆ ತೋರಿಸಿದ. ಕಸ್ತೂರೆವ್ವ ಚಮಚದಲ್ಲಿ ನೀರು ಹನಿಸಿದಳು. ಅವಳ ಕೈಯಲ್ಲಿ ಬಳೆ ಕುಣಿಯುತ್ತಲೇ ಇತ್ತು. ‘ಎಲಾ ಕಳ್ಳ,’ ಎಂದುಕೊಂಡಳು, ‘ಮೂವತ್ತ ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ದಿ?’

ಐವತ್ತೆರಡರ ವಯಸ್ಸಿನಲ್ಲಿ, ಆಸ್ಪತ್ರೆಯ ಫಿನಾಯಿಲ್ ವಾಸನೆಯಲ್ಲಿ, ಚಾಪೆಯ ಮೇಲೆ ಕೂತು ಕಸ್ತೂರೆವ್ವ ತನ್ನ ಗಂಡನನ್ನು ಪ್ರೀತಿಸತೊಡಗಿದಳು. ನಗಬೇಡಿ, ಅದಕ್ಕೆ ಬೇರೆ ಮಾತಿಲ್ಲ. ಬಳೆಯ ಮೇಲೆ ಹೆಬ್ಬೆರಳಿಂದ ಸವರಿದರೆ ಒಳಗಿನ ಬಡಿತ ಮೆತ್ತಗಾಗುತ್ತಿತ್ತು, ಇಲ್ಲವೆ ಹಾಗೆ ಅವಳಿಗೆ ಅನ್ನಿಸುತ್ತಿತ್ತು. ಪ್ರತಿ ಸಂಜೆ ಬಾಗಿಲು ತೆರೆಯುವ ಮೊದಲೇ ಅದು ಚಡಪಡಿಸುತ್ತಿತ್ತು, ಒಳಗೆ ಹೋದೊಡನೆ ಜಿಗಿಯುತ್ತಿತ್ತು. ಅವಳು ತಲೆ ಬಾಚಿ ಹೆರಳು ಹಾಕಿಕೊಂಡು ಹೋಗತೊಡಗಿದಳು.

“ಮಾರಿ ನೋಡಿದ್ರ ಕಲ್ಲು, ಎದಿ ನೋಡಿದ್ರ ಹೂರಣಾ,” ಎಂದು ಹಜರಾಬಿಯ ಮುಂದೆ ಹೇಳಿಕೊಂಡಳು. “ನಾ ಒಳಗ ಹೋದ್ರ ಸಾಕು, ಹೆಂಗ ಕುಣೀತೈತಿ ಅಂತೀ!”

“ಹೌದೇನಕ್ಕಾ? ನೀ ಪುಣ್ಯಾ ಮಾಡಿ,” ಎಂದಳು ಹಜರಾಬಿ. ಅವಳು ಎರಡು ದಿನದಿಂದ ಯಾಕೋ ಮಂಕಾಗಿದ್ದಳು. ಗಂಡ ಚೇತರಿಸಿಕೊಳ್ಳುತ್ತಿದ್ದಾನೆ, ಮಾತೂ ಆಡುತ್ತಾನೆ, ಆದರೂ ಹೊರಗೆ ಬಂದು ಮಗ್ಗುಲಾಗಿ ಮಲಗಿ ಗೋಡೆ ನೋಡುತ್ತಿದ್ದಳು. ತನ್ನ ಸಂಭ್ರಮದಲ್ಲಿದ್ದ ಕಸ್ತೂರೆವ್ವ ಏನಾಯಿತೆಂದು ಕೇಳಲಿಲ್ಲ.

ಅಡಿವೆಪ್ಪನನ್ನು ನಾಳೆ ವಾರ್ಡಿಗೆ ಕಳಿಸುತ್ತೇವೆ ಎಂದು ಹೇಳಿದ ದಿನ, ಮಧ್ಯಾಹ್ನ ಕಸ್ತೂರೆವ್ವ ರೊಟ್ಟಿಯ ಗಂಟು ಬಿಚ್ಚಿದ್ದಳು. ಹಜರಾಬಿ ನಮಾಜಿಗೆಂದು ಹಾಲಿನ ಆಚೆ ಮೂಲೆಗೆ ಹೋಗಿದ್ದಳು. ಕಸ್ತೂರೆವ್ವನ ಕೈಯ ಬಳೆ ಇದ್ದಕ್ಕಿದ್ದಂತೆ ಓಡತೊಡಗಿತು. ಓಟ ಹೆಚ್ಚಾಯಿತು, ಆಮೇಲೆ ಅದು ಬಡಿತವಾಗಿ ಉಳಿಯದೆ ಬರಿಯ ನಡುಕವಾಯಿತು. ತುತ್ತು ಕೈಯಿಂದ ಬಿತ್ತು.

“ನಮ್ಮವ್ರ ಎದಿ ತಪ್ಪೇತಿ! ಸಿಸ್ಟರ್, ನಮ್ಮವ್ರ ಎದಿ ತಪ್ಪೇತಿ!” ಎಂದು ಕೂಗುತ್ತ ಗಾಜಿನ ಬಾಗಿಲನ್ನು ತಳ್ಳಿಕೊಂಡು, ಕಾಲಿಗೆ ಚೀಲವೂ ಇಲ್ಲದೆ ಒಳಗೆ ನುಗ್ಗಿದಳು.

ನಾಲ್ಕನೆಯ ಹಾಸಿಗೆಯಲ್ಲಿ ಅಡಿವೆಪ್ಪ ದಿಂಬಿಗೊರಗಿ ಕೂತು ಗಂಜಿ ಕುಡಿಯುತ್ತಿದ್ದ. ಹೆಂಡತಿಯನ್ನು ಕಂಡು ಬಟ್ಟಲು ಕೆಳಗಿಟ್ಟು ಏನೆಂದು ಹುಬ್ಬು ಹಾರಿಸಿದ. ಅವನ ತಲೆಯ ಮೇಲಿನ ಮಾನಿಟರಿನಲ್ಲಿ ಹಸಿರು ಗೆರೆ ಒಂದೇ ಸಮನೆ ಏರಿಳಿಯುತ್ತಿತ್ತು. ಅವಳ ಮುಂಗೈಯಲ್ಲಿ ಮಾತ್ರ ಆ ನಡುಕ ಹೆಚ್ಚುತ್ತಿತ್ತು. ಪಕ್ಕದ ಐದರ ಸುತ್ತ ಡಾಕ್ಟರರು, ಸಿಸ್ಟರುಗಳು ಸೇರಿದ್ದರು, ಯಂತ್ರ ಕೂಗುತ್ತಿತ್ತು, ‘ಎಲ್ಲರೂ ದೂರ ಸರಿಯಿರಿ’ ಎಂದು ಯಾರೋ ಕೂಗಿದರು. ಬಳೆ ಒಮ್ಮೆ ಜೋರಾಗಿ ಒತ್ತಿತು, ಮತ್ತೊಮ್ಮೆ ಒತ್ತಿತು. ಆಮೇಲೆ ಅವಳ ಮುಂಗೈ ಮೇಲೆ ಬರಿಯ ಬಳೆ ಉಳಿಯಿತು.

ರೆನಿಟಾ ಓಡಿಬಂದು ಅವಳನ್ನು ಹೊರಗೆ ಕರೆದೊಯ್ಯಲು ಕೈ ಹಿಡಿದಳು. ಹಿಡಿದ ಕೈಯ ಬಳೆ ಅಲುಗುತ್ತಿರಲಿಲ್ಲ. ರೆನಿಟಾ ನಾಲ್ಕರ ಹಸಿರು ಗೆರೆಯನ್ನು ನೋಡಿದಳು, ಬಳೆಯನ್ನು ಹೊರಳಿಸಿ ಒಳಗಿನ ಅಂಕಿ ನೋಡಿದಳು, ಕಸ್ತೂರೆವ್ವನ ಮುಖ ನೋಡಿದಳು. “ಜೀಸಸ್,” ಎಂದಷ್ಟೇ ಅವಳ ಬಾಯಿಂದ ಬಂತು.

ಹೊರಗೆ ಹಜರಾಬಿ ನಮಾಜು ಮುಗಿಸಿ ಚಾಪೆ ಮಡಿಸುತ್ತಿದ್ದಳು. ಡಾಕ್ಟರರು ಬಂದು, ಬಹಳ ಪ್ರಯತ್ನ ಮಾಡಿದೆವು, ಹೃದಯದ ಲಯ ಒಮ್ಮೆಲೆ ಕೆಟ್ಟಿತು, ಉಳಿಸಿಕೊಳ್ಳಲು ಆಗಲಿಲ್ಲ ಎಂದರು. ಅವಳು ಅವರನ್ನೇ ಸಮಾಧಾನ ಮಾಡುವ ಹಾಗೆ ನಕ್ಕಳು.

“ಇಲ್ರೀ ಸಾಹೇಬ್ರ, ನೀವು ಬ್ಯಾರೇದವರದು ಹೇಳಾಕತ್ತೀರಿ. ನಮ್ಮವ ಆರಾಮ ಅದಾನ. ಬೇಕಾರ ಇಲ್ಲಿ ಮುಟ್ಟಿ ನೋಡ್ರಿ, ಬಡ್ಯಾಕತ್ತೇತಿ,” ಎಂದು ಎಡಗೈ ಚಾಚಿದಳು.

ಬಡಿಯುತ್ತಿತ್ತು, ನಿಜ. ಹಜರಾಬಿ ಒಬ್ಬೊಬ್ಬರಿಗೂ ಕೈ ತೋರಿಸುತ್ತ ಬಂದು, ಕೊನೆಗೆ ಬಾಗಿಲಲ್ಲಿ ನಿಂತಿದ್ದ ಕಸ್ತೂರೆವ್ವನ ಮುಂದೆ ನಿಂತಳು. ಅವಳ ಕಣ್ಣು ನೋಡಿದಳು, ಅವಳ ಕೈಯ ಬಳೆ ನೋಡಿದಳು. ಆಮೇಲೆ ಅವಳಿಗೆ ತಿಳಿಯಿತು. ಅವಳು ಕೂಗಿದ ಕೂಗನ್ನು ಕಸ್ತೂರೆವ್ವ ಮರೆಯುವಂತಿಲ್ಲ.

ಆ ಸಂಜೆ ರೆನಿಟಾ ಕಸ್ತೂರೆವ್ವನನ್ನು ಕಂಟ್ರೋಲ್ ರೂಮಿಗೆ ಕರೆದು ಕೂರಿಸಿ ನೀರು ಕೊಟ್ಟಳು. ಬಳೆ ಬದಲಾದ್ದರಿಂದ ಅವರು ಹೋಗಲಿಲ್ಲ ಅಮ್ಮ, ಯಾರ ನಾಡಿಯಿದ್ದರೂ ಇದು ತಪ್ಪುತ್ತಿರಲಿಲ್ಲ, ನಾವು ಇಲ್ಲಿ ಗೆರೆ ನೋಡುತ್ತ ಕೂತಿದ್ದೆವು, ಕೈ ನೋಡಲಿಲ್ಲ ಎಂದು ಹೇಳುತ್ತ ತಾನೇ ಅತ್ತಳು. ಮುಂದೆ ಆಸ್ಪತ್ರೆಯವರು ಬಳೆಗೆ ಬೀಗ ಹಾಕಿಸಿದರಂತೆ, ತೊಟ್ಟವರ ಹೆಸರು ಬೆಳಗುವ ಹಾಗೆ ಮಾಡಿದರಂತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಅಡಿವೆಪ್ಪ ಗುಣವಾಗಿ ಬೆಟಗೇರಿಗೆ ಬಂದ. ಎದೆಯ ಮೂಳೆ ಕೂಡುವವರೆಗೆ ಭಾರ ಎತ್ತಬಾರದು, ಕೆಮ್ಮುವಾಗ ದಿಂಬು ಅವುಚಿಕೊಳ್ಳಬೇಕು. ಅಕ್ಕಪಕ್ಕದವರು ಬಂದು ‘ದೊಡ್ಡ ಗಂಡಾಂತರ ದಾಟಿದಿ ಕಸ್ತೂರೆವ್ವಾ’ ಎಂದು ಅವಳನ್ನೇ ಹರಸಿದರು. ಅವಳು ತಲೆಯಾಡಿಸಿ ಒಳಗೆ ಹೋಗಿ ಒಲೆಯ ಮುಂದೆ ಅಳುತ್ತಿದ್ದಳು. ಯಾರಿಗಾಗಿ ಅಳುತ್ತಿದ್ದಾಳೆಂದು ಹೇಳಿಕೊಳ್ಳುವ ಹಾಗಿರಲಿಲ್ಲ. ಸರಿಯಾಗಿ ಮುಖವನ್ನೂ ನೋಡದ ಒಬ್ಬ ಮನುಷ್ಯನ ಎದೆ ಅವಳ ಕೈಯಲ್ಲಿ ಕುಣಿದಿತ್ತು, ಅವಳ ಕೈಯಲ್ಲೇ ಸತ್ತಿತ್ತು. ಆ ಕುಣಿತ ಅವಳಿಗಾಗಿ ಅಲ್ಲ,  ಪರದೆಯಾಚೆ ನಿಂತವಳಿಗಾಗಿ. ಅವಳು ಸಿಂಗರಿಸಿಕೊಂಡು ಹೋಗಿದ್ದು ಬೇರೆಯವರ ಹಬ್ಬಕ್ಕೆ. ಅಷ್ಟು ಗೊತ್ತಿದ್ದೂ, ಸಂಜೆ ಐದಾದರೆ ಎಡ ಮುಂಗೈ ಆ ಜಿಗಿತಕ್ಕಾಗಿ ಕಾಯುತ್ತಿತ್ತು. ಹಸಿರು ಬಳೆಗಳನ್ನು ಮತ್ತೆ ತೊಟ್ಟಿದ್ದಳು. ಅವು ಘಲ್ಲೆಂದಾಗೆಲ್ಲ ಕೈ ಬರಿದಾಗಿದೆ ಎನ್ನಿಸುತ್ತಿತ್ತು.

ಹಾಗಾದರೆ ಅಡಿವೆಪ್ಪನ ಎದೆ ಆ ದಿನಗಳಲ್ಲಿ ಏನು ಮಾಡುತ್ತಿತ್ತು? ತಾನು ಒಳಗೆ ಹೋದಾಗ ಅದೂ ಜಿಗಿಯುತ್ತಿತ್ತೇ? ಈ ಪ್ರಶ್ನೆ ಮುಳ್ಳಿನ ಹಾಗೆ ಕೂತಿತು. ಅವನು ಮಂಚದ ಮೇಲಿದ್ದಾಗ ಒಮ್ಮೆಲೆ ಒಳಗೆ ಹೋಗಿ ಅವನ ಮುಂಗೈ ಹಿಡಿದು ನೋಡುತ್ತಿದ್ದಳು. ನಾಡಿ ಮೆಲ್ಲಗೆ, ಇನ್ನೂ ಮೆಲ್ಲಗೆ ಹೋಗುತ್ತಿತ್ತು. ಜಿಗಿತದ ಸುಳಿವೇ ಇಲ್ಲ.

“ಏನು, ಡಾಕ್ಟರಕಿ ಕಲಿಯಾಕತ್ತಿಯೇನು?” ಎಂದು ಅವನು ಕೈ ಎಳೆದುಕೊಳ್ಳುತ್ತಿದ್ದ. ಅವಳು ಮುಖ ಸಣ್ಣದು ಮಾಡಿಕೊಂಡು ಹೊರಗೆ ಬರುತ್ತಿದ್ದಳು.

ತಪಾಸಣೆಗೆಂದು ಹುಬ್ಬಳ್ಳಿಗೆ ಹೋದಾಗ ನಾಚಿಕೆ ಬಿಟ್ಟು ರೆನಿಟಾಳನ್ನು ಕೇಳಿಯೇಬಿಟ್ಟಳು. ನಾಲ್ಕನೆಯ ಹಾಸಿಗೆಯ ಸಂಜೆ ಐದು ಗಂಟೆಯ ಬಡಿತವನ್ನು ಒಂದು ಸಲ ತೋರಿಸುತ್ತೀಯಾ?

“ಅದನ್ನೆಲ್ಲ ಇಡುದಿಲ್ಲ ಅಮ್ಮ,” ಎಂದಳು ರೆನಿಟಾ ಬೇಸರದಿಂದ. “ಎಲ್ಲಿ ಅಪಾಯ ಆಯ್ತೋ ಅಷ್ಟನ್ನೇ ಮಿಷನ್ ಇಟ್ಟುಕೊಳ್ತದೆ. ಸುಖವಾಗಿ ಇದ್ದ ಹೊತ್ತಿನ ಬಡಿತ ಯಾರಿಗೂ ಬೇಡ.”

ಹಾಗಾದರೆ ಅದನ್ನು ಬಲ್ಲವಳು ಲೋಕದಲ್ಲಿ ಒಬ್ಬಳೇ. ಗಂಡನನ್ನು ಕಳೆದುಕೊಂಡವಳ ಮುಂದೆ ಹೋಗಿ, ಬದುಕಿರುವ ನನ್ನ ಗಂಡನ ಎದೆ ನನ್ನನ್ನು ಕಂಡು ಕುಣಿಯುತ್ತಿತ್ತೇ ಎಂದು ಯಾವ ಬಾಯಿಂದ ಕೇಳುವುದು? ಅಣ್ಣಿಗೇರಿ ಬಸ್ಸಿನಲ್ಲಿ ಗಳಿಗೆಯ ದಾರಿ. ಕಸ್ತೂರೆವ್ವನಿಗೆ ಹೋಗುವ ಮುಖ ಇರಲಿಲ್ಲ.

ಹಜರಾಬಿಯೇ ಬಂದಳು. ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿಯುವವರೆಗೆ ಅವಳು ಹೊಸ್ತಿಲು ದಾಟುವಂತಿರಲಿಲ್ಲ. ಮುಗಿದ ಮೇಲೆ ಮೊದಲು ಬಂದದ್ದು ಬೆಟಗೇರಿಗೆ. ಬಿಳಿಯ ಸೀರೆ, ಸೊರಗಿದ ಮುಖ, ಕಂಕುಳಲ್ಲಿ ಒಂದು ಪುಟ್ಟ ದಿಂಬು.

“ನಮ್ಮವ ಹಿಂಜಿಟ್ಟ ಹತ್ತಿ ಉಳದಿತ್ತು,” ಎಂದು ದಿಂಬನ್ನು ಅಡಿವೆಪ್ಪನ ಮಂಚದ ಮೇಲಿಟ್ಟಳು. ಅವನು ಗಿರಣಿಗೆ ಹೋಗಿದ್ದ, ಗಿರಣಿ ಮತ್ತೆ ಶುರುವಾಗಿ ಕೆಲವೇ ದಿನಗಳಾಗಿದ್ದವು. ಕಸ್ತೂರೆವ್ವ ಅವಳನ್ನು ಅಡುಗೆಮನೆಗೆ ಕರೆದು ಮಣೆ ಹಾಕಿ ಚಹಾಕ್ಕಿಟ್ಟಳು. ಬೈಯಲು ಬಂದಿದ್ದಾಳೆ, ಬೈಯಲಿ ಎಂದುಕೊಂಡಳು.

“ಅಕ್ಕಾ, ನಾ ಒಂದ ಬೇಡಾಕ ಬಂದೀನಿ,” ಎಂದಳು ಹಜರಾಬಿ. “ಅವನ ಕಡೀ ದಿನಗೋಳು ನಿನ್ನ ಕೈಯಾಗ ಇದ್ವು. ನನಗ ಸಿಗಲಿಲ್ಲ. ಹೆಂಗಿದ್ವು, ಹೇಳು.”

ಕಸ್ತೂರೆವ್ವ ಒಲೆ ಆರಿಸಿದಳು. “ಬಾಯಿಲೆ ಹೇಳಾಕ ಬರೂದಿಲ್ಲವ್ವಾ. ಕೈ ಕೊಡು.”

ಹಜರಾಬಿಯ ಎಡ ಮುಂಗೈಯಲ್ಲಿ ಏನೂ ಇರಲಿಲ್ಲ. ಕಸ್ತೂರೆವ್ವ ಅದರ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತತೊಡಗಿದಳು. “ಇದು ಮುಂಜಾನಿ. ಹಿಂಗ ಹೋಗೂದು, ನಡುವ ಒಂದು ಹೆಜ್ಜಿ ಹೆಚ್ಚಿಗಿ ಹಾಕೂದು. ಈಗ ಐದಾಗಾಕ ಬಂತು. ನೋಡು, ಕುಂತಲ್ಲೆ ಕುಂದ್ರಾಂಗಿಲ್ಲ. ಈಗ ಬಾಗಲಾ ತಗದ್ರು. ನೀ ಒಳಗ ಕಾಲಿಟ್ಟಿ.” ಅವಳ ಬೆರಳು ಜಿಗಿದವು, ಕುಣಿದವು. ಇಷ್ಟು ದಿನ ಕೈ ಅದನ್ನು ಒಂದಿಷ್ಟೂ ಮರೆತಿರಲಿಲ್ಲ.

ಹಜರಾಬಿ ಕಣ್ಣು ಮುಚ್ಚಿ ನಕ್ಕಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. “ಅವನ ಇದು. ಎಲ್ಲಾದಕ್ಕೂ ಅವಸರ ಅವಗ. ನಿಖಾ ದಿನಾ ಸೈತ ಹಿಂಗ ಅವಸರ ಮಾಡಿ ಬೈಸಿಕೊಂಡಿದ್ದ. ಅಕ್ಕಾ, ಇನ್ನೊಮ್ಮಿ.”

ಕಸ್ತೂರೆವ್ವ ಮತ್ತೆ ಬಾಗಿಲು ತೆರೆಸಿದಳು, ಮತ್ತೆ ಅವಳನ್ನು ಒಳಗೆ ಕರೆತಂದಳು. ಬೆರಳು ಸೋಲುವವರೆಗೆ ಅವಳು ಹಾಗೆ ಮಾಡಿದಳು.

ಕಣ್ಣೊರೆಸಿಕೊಂಡು ಹಜರಾಬಿ ಕೇಳಿದಳು, “ನೀ ಏನೂ ಕೇಳೂದಿಲ್ಲೇನು ನನಗ?”

“ನಿನ್ನ ಮುಂದ ಏನ ಕೇಳ್ಲವ್ವಾ? ನನ್ನಾಂವ ಅದಾನ.”

“ಅದಾನಂತ ಕೇಳಬಾರದೇನು? ಕೊಡು ಕೈ.”

ಹಸಿರು ಬಳೆಗಳನ್ನು ಮೇಲೆ ಸರಿಸಿ ಹಜರಾಬಿ ಬೆರಳಿಟ್ಟಳು. ಬೆರಳು ಬೇಗ ಬೇಗ, ಎಡವುತ್ತ ಓಡಿದವು. “ಇಡೀ ದಿನಾ ಹಿಂಗ. ರಾತ್ರಿನೂ ಹಿಂಗ. ಯಾರೋ ಬೆನ್ನ ಹತ್ಯಾರ ಅನ್ನೂ ಹಂಗ ಓಡತಿತ್ತು. ಈಗ ಐದಾತು. ನೀ ಒಳಗ ಬಂದಿ.” ಬೆರಳಿನ ಓಟ ನಿಧಾನವಾಯಿತು. ಇನ್ನೂ ನಿಧಾನವಾಗಿ, ಒಂದು ಸಮಕ್ಕೆ ಬಂದು, ಹಾಗೇ ಉಳಿಯಿತು. “ನೀ ಹೊರಗ ಬರೂತನಾ ಹಿಂಗ. ನೀ ಬಾಗಲಾ ದಾಟಿದ್ರ ಮತ್ತ ಓಡ್ಯಾಟ.”

ಕಸ್ತೂರೆವ್ವನ ಮುಖ ಇಳಿಯಿತು. “ನಾ ಬಂದ ಕೂಡ್ಲೆ ತಣ್ಣಗಾಗತಿತ್ತೇನು?”

“ನಾನೂ ಹಂಗ ತಿಳಕೊಂಡಿದ್ದೆ ಅಕ್ಕಾ. ನಮ್ಮವನ ಎದಿ ಅಂತ ತಿಳದಿದ್ನೆಲ್ಲ! ನನ್ನ ನೋಡಿ ಕುಣಿಯೂ ಎದಿ ಸುಮ್ಮನಾಗಾಕತ್ತೇತಿ, ನನ್ನ ಮ್ಯಾಲ ಮನಸ ತೀರೇತಿ ಅಂತ ಗ್ವಾಡಿ ಕಡೆ ಮಾರಿ ಮಾಡಿ ಅತ್ತೀನಿ.” ಹಜರಾಬಿ ಕೈ ಬಿಡದೆ ಹೇಳಿದಳು. “ಮನ್ಯಾಗ ಒಬ್ಬಾಕೀನ ಕುಂತಾಗ ತಿಳೀತು. ನನಗ ಈಗ ರಾತ್ರಿ ಎದಿ ಹಂಗ ಓಡತೈತಿ. ಅಂಜಿಕಿ ಅಕ್ಕಾ ಅದು. ಅಷ್ಟ ಅಂಜಿದ ಮನಿಷಾ, ಡಾಕ್ಟರು ಬಂದ್ರ ಅಂಜಿಕಿ ಬಿಡಲಿಲ್ಲ, ಔಷಧಾ ಕೊಟ್ರ ಬಿಡಲಿಲ್ಲ. ನೀ ಬಂದಾಗ ಬಿಟ್ಟ. ದಿನಾ ಬಿಟ್ಟ.”

ಕಸ್ತೂರೆವ್ವ ಮತ್ತೆ ಒಲೆ ಹೊತ್ತಿಸಿ, ಆರಿದ ಚಹಾವನ್ನು ಬಿಸಿ ಮಾಡಿದಳು, ಇಬ್ಬರೂ ಕುಡಿದರು. ಹಜರಾಬಿಯನ್ನು ಬಸ್ಸಿಗೆ ಹತ್ತಿಸಿ, ಕಿಟಕಿಯೊಳಗಿನ ಕೈಯನ್ನು ಹಿಡಿದೇ ಇದ್ದಳು. ಬಸ್ಸು ಹೊರಟ ಮೇಲೆ ಬಿಟ್ಟಳು.

ಮನೆಗೆ ಬಂದಾಗ ಅಡಿವೆಪ್ಪ ಗಿರಣಿ ನಿಲ್ಲಿಸಿ ಬಂದು, ಮೈಯೆಲ್ಲ ಹಿಟ್ಟಾಗಿ ಮಂಚದ ಮೇಲೆ ಕೂತಿದ್ದ. ಹೊಸ ದಿಂಬು ಅವನ ಮಡಿಲಲ್ಲಿತ್ತು. ಕಸ್ತೂರೆವ್ವ ಪಕ್ಕದಲ್ಲಿ ಕೂತು ಅವನ ಮುಂಗೈ ಹಿಡಿದಳು. ಅವನು ಎಳೆದುಕೊಳ್ಳಲು ನೋಡಿದ.

“ಹಜರಾಬಿ ತಂದಾಳ, ದಾವಲಸಾಬ ಹಿಂಜಿದ ಹತ್ತೀದು. ಸುಮ್ಮ ಕುಂದ್ರರಿ,” ಎಂದಳು.

ನಾಡಿ ಓಡುತ್ತಿತ್ತು. ಅವನು ದಿಂಬನ್ನೇ ನೋಡುತ್ತ ಬಾಯಿ ಬಿಟ್ಟ. “ಆ ಸಾಬಂದು ಹಾಸಿಗಿ ನನ್ನ ಮಗ್ಗಲಕ್ಕ ಇತ್ತು. ಪರದೆ ಸರದಿತ್ತು. ಅಂವ ಹೋಗೂದನ್ನ ನಾ ಎಲ್ಲಾ ನೋಡೀನಿ.” ಅವಳ ಬೆರಳಡಿಯಲ್ಲಿ ಬಡಿತ ಎಡವಿತು, ದಡಬಡಿಸಿ ಓಡಿತು. ಮೂವತ್ತು ವರ್ಷದಲ್ಲಿ ಅವನು ಅವಳಿಗೆ ಹೇಳಿದ ಅತಿ ಉದ್ದದ ಮಾತು ಅದು.

ಅವಳು ಮುಂಗೈ ಹಿಡಿದೇ ಕೂತಳು. ಓಟ ನಿಧಾನವಾಯಿತು. ಇನ್ನೂ ನಿಧಾನವಾಗಿ, ಒಂದು ಸಮಕ್ಕೆ ಬಂತು. ಇಷ್ಟು ದಿನ ಇದನ್ನೇ ಕೈಯಲ್ಲಿ ಹಿಡಿದು, ಏನೂ ಇಲ್ಲವೆಂದು ಎದ್ದು ಹೋಗುತ್ತಿದ್ದಳು. ಜಿಗಿಯುವ ಎದೆಯ ಆಸೆ ಅವಳನ್ನು ಬಿಟ್ಟಿತೆಂದರೆ ಸುಳ್ಳಾದೀತು; ಅದು ಸಾಯುವತನಕ ಇರುವಂಥದು. ಆದರೂ ಆ ಸಂಜೆ ಅವಳು ಏಳಲಿಲ್ಲ. ಕತ್ತಲಾಯಿತು, ದೀಪ ಹಚ್ಚುವ ಹೊತ್ತಾಯಿತು. ಎದ್ದರೆ ಅದು ಮತ್ತೆ ಓಡತೊಡಗುತ್ತದೆ ಎಂದು ಅವಳಿಗೆ ಈಗ ಗೊತ್ತಿತ್ತು.